ಆಸ್ಪತ್ರೆಯಲ್ಲಿ ಹೇಳದೆ ಉಳಿದ ಮಾತು: ಕುಡಿತ ಮತ್ತು ಆತ್ಮಹತ್ಯೆ ಪ್ರಯತ್ನದ ಒಂದು ಪ್ರಕರಣ

ಓದುವವರ ಮನೆಯಲ್ಲೇ ಇಂಥ ಪರಿಸ್ಥಿತಿ ಇದ್ದರೆ ಮೊದಲು ಈ ನಂಬರ್ ಬರೆದಿಟ್ಟುಕೊಳ್ಳಿ: ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್, 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡು ಕಟ್ಟಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಜೀವಕ್ಕೆ ಅಪಾಯ ಆಗಿಹೋಗಿದ್ದರೆ ಫೋನಿನಲ್ಲಿ ಸಲಹೆ ಕೇಳುತ್ತ ಕೂರದೆ 108ಕ್ಕೆ ಕರೆ ಮಾಡಿ.

ಹಿನ್ನೆಲೆ

ಶಿವಣ್ಣ ಎಂದು ಇಲ್ಲಿ ಕರೆಯೋಣ. ವಯಸ್ಸು 41. ಹಳ್ಳಿಯಿಂದ ಬಂದು ಇಪ್ಪತ್ತು ವರ್ಷದಿಂದ ಪೀಣ್ಯ ಕಡೆಯ ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ಆಪರೇಟರ್. ಹೆಂಡತಿ ಜಯಮ್ಮ (ಈ ಹೆಸರೂ ನಿಜವಲ್ಲ) ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಒಬ್ಬಳೇ ಮಗಳು, ಪಿಯುಸಿ. ಮೇಲೆ ಎರಡು ಸಂಘದ ಸಾಲ, ಒಂದು ಕೈಸಾಲ.

ಕುಡಿತ ಶುರುವಾಗಿದ್ದು ಸಂಬಳದ ದಿನಕ್ಕೆ ಸೀಮಿತವಾಗಿ. ಹತ್ತು ಹನ್ನೆರಡು ವರ್ಷದಲ್ಲಿ ಅದು ದಿನದ ಲೆಕ್ಕವಾಯಿತು, ಕೊನೆಯ ಎರಡು ವರ್ಷದಲ್ಲಿ ಬೆಳಗಿನ ಲೆಕ್ಕವೂ ಆಯಿತು. ಎದ್ದ ಕೂಡಲೇ ಒಂದು ತೊಂಬತ್ತು ಬೀಳದಿದ್ದರೆ ಕೈ ನಡುಗಿ ಅಳತೆಯ ವರ್ನಿಯರ್ ಹಿಡಿಯಲು ಆಗುತ್ತಿರಲಿಲ್ಲ. ದಿನಕ್ಕೆ ಐದು ಪ್ಯಾಕೆಟ್, ಒಂದೊಂದು 90 ಎಂಎಲ್. 30 ಎಂಎಲ್ ವಿಸ್ಕಿ ಅಥವಾ ಬ್ರಾಂದಿಯಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್ ಇರುತ್ತದೆ; ಆ ಲೆಕ್ಕದಲ್ಲಿ ದಿನಕ್ಕೆ 150 ಗ್ರಾಂ. ಇಷ್ಟಕ್ಕೆ ಒಗ್ಗಿದ ಮೈ ಒಂದೇ ದಿನದಲ್ಲಿ ಬಿಡುವುದನ್ನು ತಡೆದುಕೊಳ್ಳುವುದಿಲ್ಲ. ಬೆಳಗಿನ ಆ ತೊಂಬತ್ತು ಖುಷಿಗೆ ಹಾಕಿಕೊಂಡದ್ದಲ್ಲ, ನಡುಕ ನಿಲ್ಲಿಸಲು ಹಾಕಿಕೊಂಡದ್ದು. ಮನೆಯವರಿಗೆ ಈ ವ್ಯತ್ಯಾಸ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಮುಂದಿನದು ಬೇರೆ ಥರ ಆಗುತ್ತಿತ್ತು.

ಮಾಲೆ ಹಾಕಿದ ಮೂರನೇ ದಿನ

ನವೆಂಬರ್ ಕೊನೆಯಲ್ಲಿ ಶಿವಣ್ಣ ಅಯ್ಯಪ್ಪ ಮಾಲೆ ಹಾಕಿದರು. ಕುಡಿತ ಬಿಡಬೇಕೆಂಬ ಆಸೆ ನಿಜವಾದದ್ದೇ. ಹಿಂದಿನ ರಾತ್ರಿ ಕೊನೆಯ ಪ್ಯಾಕೆಟ್, ಬೆಳಿಗ್ಗೆ ತಣ್ಣೀರ ಸ್ನಾನ, ಕಪ್ಪು ಪಂಚೆ. ಸಂಜೆ ಹೊತ್ತಿಗೆ ನಡುಕ ಮತ್ತು ಬೆವರು, ರಾತ್ರಿ ಒಂದು ನಿಮಿಷವೂ ನಿದ್ದೆ ಇಲ್ಲ. ಎರಡನೇ ದಿನ ಮಧ್ಯಾಹ್ನ ಫಿಟ್ಸ್ ಬಂತು. ಮೂರನೇ ದಿನ ಆಸ್ಪತ್ರೆಯ ಹಾಸಿಗೆ ಮೇಲೆ ಕೂತು ಗೋಡೆ ಮೇಲೆ ಇಲ್ಲದ ಇರುವೆ ಒರೆಸುತ್ತಿದ್ದರು.

ಇದು ವೈದ್ಯಕೀಯ ಪಠ್ಯದಲ್ಲಿರುವಂತೆಯೇ ನಡೆದ ಕ್ರಮ. ಕೊನೆಯ ಗುಟುಕಿನಿಂದ 6ರಿಂದ 24 ಗಂಟೆಯೊಳಗೆ ನಡುಕ, ಬೆವರು, ಎದೆಬಡಿತ. ಹೆಚ್ಚಾಗಿ ಮೊದಲ 48 ಗಂಟೆಯೊಳಗೆ ಫಿಟ್ಸ್. 48ರಿಂದ 96 ಗಂಟೆ ನಡುವೆ ಕೆಲವರಿಗೆ ಸನ್ನಿ: ದಿಕ್ಕು, ಹೊತ್ತು ತಿಳಿಯದು, ಇಲ್ಲದ್ದು ಕಾಣುತ್ತದೆ. ಚಿಕಿತ್ಸೆ ಸಿಗದಿದ್ದರೆ ಸನ್ನಿಯಲ್ಲಿ ಪ್ರಾಣ ಹೋಗಬಹುದು. ಕುಡಿತ ಬಿಡಲು ಹೊರಟವರು ಬಿಟ್ಟ ಕಾರಣಕ್ಕೇ ಸಾಯಬಹುದು ಎಂಬುದನ್ನು ನಮ್ಮ ಜನ ನಂಬುವುದು ಕಷ್ಟ, ಆದರೆ ಅದು ನಿಜ.

ಆಸ್ಪತ್ರೆಯಲ್ಲಿ 'ಕುಡೀತಾರಾ?' ಎಂದು ಕೇಳಿದ್ದಾರೆ. ಕೊರಳಲ್ಲಿ ಮಾಲೆ ಇರುವಾಗ ಜಯಮ್ಮನಿಗೆ ಹೌದೆನ್ನಲು ಬಾಯಿ ಬರಲಿಲ್ಲ. 'ಇಲ್ಲ, ಯಾವಾಗಲೋ ಒಂದ್ಸಲ' ಎಂದರು. ಫಿಟ್ಸ್ ಕಾಯಿಲೆ ಎಂದು ದಾಖಲಾಗಿ, ಐದನೇ ದಿನ ಒಂದು ತಿಂಗಳ ಮಾತ್ರೆ ಕೊಟ್ಟು ಕಳುಹಿಸಿದರು. ಹೇಳದೆ ಉಳಿದ ಮೊದಲ ಮಾತು ಇದು. ಮಾಲೆ ನಡುವೆಯೇ ತೆಗೆಯಬೇಕಾಯಿತು. ಶಿವಣ್ಣ ಮನೆಯಿಂದ ಹೊರಗೆ ಹೋಗುವುದನ್ನೇ ಕಡಿಮೆ ಮಾಡಿದರು. 'ದೇವರಿಗೇ ಬೇಡವಾದೆ' ಎಂದು ಹೆಂಡತಿಯ ಹತ್ತಿರ ಎರಡು ಸಲ ಹೇಳಿದ್ದಾರೆ. ವಾರದಲ್ಲಿ ಪ್ಯಾಕೆಟ್ ಮತ್ತೆ ಬಂತು.

ಜನವರಿ

ಸಂಕ್ರಾಂತಿ ಕಳೆದ ವಾರ ಸಾಲದವರು ಬಾಗಿಲಿಗೆ ಬಂದು ವಠಾರದ ಎದುರೇ ಕೂಗಾಡಿ ಹೋದರು. ಅಂದು ರಾತ್ರಿ ಶಿವಣ್ಣ ಮನೆಯಲ್ಲಿದ್ದ ಮಾತ್ರೆಗಳನ್ನು ನುಂಗಿದರು. ಮಗಳು ಎಚ್ಚರವಾಗಿ ನೋಡಿದ್ದರಿಂದ ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಸೇರಿದರು.

ಆಂಬುಲೆನ್ಸ್ ಹತ್ತುವಾಗ ಪಕ್ಕದ ಮನೆಯವರೊಬ್ಬರು ಹೇಳಿದ ಒಂದು ಮಾತು ಇಡೀ ಪ್ರಕರಣವನ್ನು ತಿರುಗಿಸಿತು: 'ಬೇಕಂತ ತಗೊಂಡ್ರು ಅನ್ಬೇಡಿ, ಕೇಸ್ ಆಗುತ್ತೆ.' ಹಾಗಾಗಿ ಎಮರ್ಜೆನ್ಸಿಯಲ್ಲಿ ಹೇಳಿದ್ದು 'ತಲೆನೋವಿಗೆ ಗೊತ್ತಿಲ್ಲದೆ ಜಾಸ್ತಿ ತಗೊಂಡ್ರು' ಎಂದು. ಎಂಎಲ್‌ಸಿ (ಇಂಥ ಪ್ರಕರಣದಲ್ಲಿ ಆಸ್ಪತ್ರೆ ಬರೆದು ಪೊಲೀಸರಿಗೂ ತಿಳಿಸುವ ದಾಖಲೆ) ಬರೆದರು, ಕಾನ್‌ಸ್ಟೇಬಲ್ ಬಂದು ಅದೇ ಹೇಳಿಕೆ ಬರೆದುಕೊಂಡು ಹೋದರು. ಆಕಸ್ಮಿಕ ಎಂದಾದ ಮೇಲೆ ಮನೋವೈದ್ಯರನ್ನು ಯಾರೂ ಕರೆಸಲಿಲ್ಲ. ಮೂರನೇ ದಿನ ಡಿಸ್ಚಾರ್ಜ್.

ಈ ಭಯ ಈಗ ಹಳೆಯದು, ಆದರೆ ವಠಾರಗಳಲ್ಲಿ ಇನ್ನೂ ಜೀವಂತ. ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ 2017ರ 115ನೇ ಸೆಕ್ಷನ್ ಪ್ರಕಾರ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಬೇರೆ ಎಂದು ಸಾಬೀತಾಗದ ಹೊರತು ಅವರನ್ನು ವಿಚಾರಣೆಗೆ ಒಳಪಡಿಸಿ ಶಿಕ್ಷಿಸುವಂತಿಲ್ಲ. ಅಷ್ಟೇ ಅಲ್ಲ, ಅವರಿಗೆ ಆರೈಕೆ, ಚಿಕಿತ್ಸೆ, ಪುನರ್ವಸತಿ ಕೊಡುವುದು ಸರ್ಕಾರದ ಕರ್ತವ್ಯ ಎಂದೂ ಅದೇ ಸೆಕ್ಷನ್ ಹೇಳುತ್ತದೆ. ಆತ್ಮಹತ್ಯೆ ಯತ್ನವನ್ನು ಅಪರಾಧ ಎನ್ನುತ್ತಿದ್ದ ಐಪಿಸಿಯ ಹಳೆಯ 309ನೇ ಸೆಕ್ಷನ್, 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ. ಸರ್ಕಾರಿ ನೌಕರರ ಕೆಲಸಕ್ಕೆ ತಡೆ ಒಡ್ಡಲು ಅಥವಾ ಒತ್ತಾಯ ಹೇರಲು ಯತ್ನಿಸಿದರೆ ಮಾತ್ರ 226ನೇ ಸೆಕ್ಷನ್ ಬರುತ್ತದೆ. ಎಂಎಲ್‌ಸಿ ಎಂಬುದು ದಾಖಲೆ, ರೋಗಿಯ ಮೇಲಿನ ಕೇಸ್ ಅಲ್ಲ. ಪೊಲೀಸರು ಬಂದು ಹೇಳಿಕೆ ಪಡೆದರೆ ಹೆದರಬೇಕಾಗಿಲ್ಲ. ಸುಳ್ಳು ಹೇಳಿಕೆ ಕೊಟ್ಟು ತಪ್ಪಿಸಿಕೊಳ್ಳಬೇಕಾದ ಕೇಸ್ ಯಾವುದೂ ಇಲ್ಲ, ಸಿಗಬೇಕಿದ್ದ ಚಿಕಿತ್ಸೆ ಮಾತ್ರ ತಪ್ಪಿಹೋಗುತ್ತದೆ.

ರಾತ್ರಿ ಹನ್ನೊಂದರ ಕರೆ

ಡಿಸ್ಚಾರ್ಜ್ ಆಗಿ ಬಂದ ರಾತ್ರಿ ಮಗಳು ಬಚ್ಚಲುಮನೆಗೆ ಹೋಗಿ, ನಲ್ಲಿ ಬಿಟ್ಟುಕೊಂಡು, ಕಾಲೇಜಿನ ಗೋಡೆಯ ಪೋಸ್ಟರಿನಲ್ಲಿ ನೋಡಿದ್ದ 14416ಕ್ಕೆ ಕರೆ ಮಾಡಿದಳು. ಕನ್ನಡಕ್ಕೆ ಯಾವ ಬಟನ್ ಎಂದು ಕೇಳಿ ಒತ್ತಿದ ಮೇಲೆ ಆಪ್ತಸಮಾಲೋಚಕರು ಸಿಕ್ಕರು. ಅವಳು ಹೇಳಿದ ಮೊದಲ ವಾಕ್ಯ: 'ಅಪ್ಪ ಮೊನ್ನೆ ಬೇಕಂತಲೇ ಮಾತ್ರೆ ನುಂಗಿದ್ರು. ನಾವು ಆಸ್ಪತ್ರೇಲಿ ಸುಳ್ಳು ಹೇಳಿದ್ವಿ.' ಎರಡು ಆಸ್ಪತ್ರೆ ದಾಟಿದ ಮೇಲೆ ಸತ್ಯ ಮೊದಲ ಸಲ ಹೊರಬಂದದ್ದು ಒಬ್ಬ ಹುಡುಗಿಯ ಬಾಯಿಂದ.

ಕೇಳಿದ ಪ್ರಶ್ನೆಗಳು ನೇರವಾಗಿದ್ದವು. ಈಗ ಎಚ್ಚರವಾಗಿದ್ದಾರಾ? ಕೊನೆಗೆ ಕುಡಿದದ್ದು ಯಾವಾಗ? ಮುಂಚೆ ಫಿಟ್ಸ್ ಬಂದಿತ್ತಾ? ಸಾಯುವ ಮಾತು ಇವತ್ತು ಆಡಿದರಾ? ಜೊತೆಯಲ್ಲಿ ಯಾರಿದ್ದಾರೆ? ಸಾಯುವ ವಿಚಾರ ಕೇಳಿದರೆ ಆ ಯೋಚನೆಯನ್ನು ನಾವೇ ಹುಟ್ಟಿಸಿದ ಹಾಗೆ ಆಗುತ್ತದೆ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಹಾಗೇನೂ ಇಲ್ಲ. ನೇರವಾಗಿ, ಮೆತ್ತಗೆ ಕೇಳಿದರೆ ಎದೆಯ ಭಾರ ಇಳಿಯುವುದೇ ಹೆಚ್ಚು.

ಅಂದಿನ ರಾತ್ರಿಗೆ ಮೂರು ಸೂಚನೆ ಸಿಕ್ಕಿತು: ಅಪ್ಪನನ್ನು ಒಂಟಿಯಾಗಿ ಬಿಡಬೇಡಿ; ಮನೆಯಲ್ಲಿರುವ ಎಲ್ಲ ಮಾತ್ರೆ ಬೇರೆಯವರ ಮನೆಗೆ ಸಾಗಿಸಿ; ಕುಡಿತವನ್ನು ಮನೆಯಲ್ಲೇ ತಟ್ಟನೆ ನಿಲ್ಲಿಸಬೇಡಿ, ಬೆಳಿಗ್ಗೆಯೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಅದಕ್ಕೂ ಮುಂಚೆ ನಡುಕ ಜೋರಾದರೆ ರಾತ್ರಿಯೇ ಎಮರ್ಜೆನ್ಸಿಗೆ. ಮೂರನೆಯದು ಕೇಳಿ ಜಯಮ್ಮ ಗೊಂದಲಗೊಂಡರು: 'ಕುಡಿಯೋಕೆ ಬಿಡಿ ಅಂತಾರಾ?' ಮಗಳು ಫೋನ್ ಅಮ್ಮನ ಕೈಗೆ ಕೊಟ್ಟಳು. ನವೆಂಬರಿನ ಫಿಟ್ಸ್ ಯಾಕೆ ಬಂತು ಎಂಬುದು ಜಯಮ್ಮನಿಗೆ ಅಂದು ಅರ್ಥವಾಯಿತು.

ಇಲ್ಲೊಂದು ಎಡವಟ್ಟು ಆಗುವುದರಲ್ಲಿತ್ತು. ಮಾರನೇ ದಿನ ವಾಪಸ್ ಕರೆ ಬಂದಾಗ ಮಗಳು ಕಾಲೇಜಿನಲ್ಲಿದ್ದಳು. ಫೋನ್ ಎತ್ತಿದ ಜಯಮ್ಮ, ಪಕ್ಕದಲ್ಲೇ ಗಂಡ ಕೂತಿದ್ದರಿಂದ, 'ಎಲ್ಲ ಚೆನ್ನಾಗಿದೆ' ಎಂದುಬಿಟ್ಟರು. ಆ ಕಡೆಯವರು ಅಷ್ಟಕ್ಕೇ ಮುಗಿಸದೆ 'ಮಗಳ ಹತ್ತಿರ ಸಂಜೆ ಮಾತಾಡಬಹುದಾ?' ಎಂದು ಕೇಳಿದರು. ಮೊದಲ ಕರೆಯಲ್ಲೇ 'ಯಾರ ನಂಬರಿಗೆ, ಎಷ್ಟು ಗಂಟೆಗೆ ಮಾಡಿದರೆ ನಿಮಗೆ ಬಿಚ್ಚಿ ಮಾತಾಡಲು ಆಗುತ್ತದೆ' ಎಂದು ಗೊತ್ತುಮಾಡಿಕೊಂಡಿದ್ದರೆ ಈ ತೊಡಕು ಇರುತ್ತಿರಲಿಲ್ಲ. ಕರೆ ಮಾಡುವವರು ಇದನ್ನು ತಾವಾಗಿಯೇ ಹೇಳುವುದು ಒಳ್ಳೆಯದು.

ಟೆಲಿ ಮಾನಸ್ 2022ರ ಅಕ್ಟೋಬರ್ 10ರಂದು ಶುರುವಾದ ಕೇಂದ್ರದ ಯೋಜನೆ, ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಮೊದಲ ಹಂತದಲ್ಲಿ ಆಪ್ತಸಮಾಲೋಚಕರು, ಅಗತ್ಯ ಬಿದ್ದರೆ ಎರಡನೇ ಹಂತದಲ್ಲಿ ತಜ್ಞರು ಮತ್ತು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಆಸ್ಪತ್ರೆಗಳು. ಆ ಎರಡನೇ ಹಂತ ತಾನಾಗಿ ಬರುತ್ತದೆ ಎಂದು ಕಾಯದೆ 'ನಾವು ಯಾವ ಆಸ್ಪತ್ರೆಗೆ, ಯಾವ ದಿನ, ಯಾವ ವಿಭಾಗಕ್ಕೆ ಹೋಗಬೇಕು' ಎಂದು ಕೇಳಿ ಬರೆದುಕೊಳ್ಳಬೇಕು.

ರಾತ್ರಿ ಬರುವ ಗಾಡಿ

ಅಷ್ಟರಲ್ಲಿ ಜಯಮ್ಮನ ತಮ್ಮ ಬೇರೆ ಏರ್ಪಾಡು ಮಾಡಿದ್ದ. ಹೊರವಲಯದ ಖಾಸಗಿ ಕೇಂದ್ರವೊಂದು: ಬೆಳಗಿನ ಜಾವ ಗಾಡಿ ಬರುತ್ತದೆ, ನಾಲ್ಕು ಜನ ಬಂದು ಎತ್ತಿಕೊಂಡು ಹೋಗುತ್ತಾರೆ, ಮೂರು ತಿಂಗಳು ಮನೆಯವರು ನೋಡುವಂತಿಲ್ಲ, ಅಡ್ವಾನ್ಸ್ ಇಷ್ಟು. 'ಭಾವ ಒಪ್ಪಲ್ಲ ಅಕ್ಕ, ಹಿಂಗೇ ಮಾಡ್ಬೇಕು.' ಅವನದು ಕೆಟ್ಟ ಉದ್ದೇಶವಲ್ಲ. ದಾರಿ ಕಾಣದವರು ಇಂಥದ್ದಕ್ಕೇ ಕೈಹಾಕುತ್ತಾರೆ.

ಸಂಜೆಯ ಕರೆಯಲ್ಲಿ ಸಿಕ್ಕ ಸಲಹೆಯಂತೆ ಅವನು ಆ ಕೇಂದ್ರಕ್ಕೆ ಮೂರು ಪ್ರಶ್ನೆ ಕೇಳಿದ. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಸಂಖ್ಯೆ ಎಷ್ಟು? ನೋಡುವ ಮನೋವೈದ್ಯರು ಯಾರು? ರಾತ್ರಿ ಫಿಟ್ಸ್ ಬಂದರೆ ಯಾರಿರುತ್ತಾರೆ? ಮೊದಲನೆಯದಕ್ಕೇ ಉತ್ತರ ಸಿಗಲಿಲ್ಲ. 2017ರ ಕಾಯ್ದೆಯಲ್ಲಿ ಮದ್ಯ ಮತ್ತು ಮಾದಕ ವಸ್ತುಗಳಿಂದಾಗುವ ಮಾನಸಿಕ ಸ್ಥಿತಿಗಳೂ ಮಾನಸಿಕ ಅಸ್ವಸ್ಥತೆಯ ವ್ಯಾಖ್ಯೆಯೊಳಗೆ ಬರುತ್ತವೆ. ಆದ್ದರಿಂದ ಇಂಥವರನ್ನು ಇಟ್ಟುಕೊಂಡು ಚಿಕಿತ್ಸೆ ಕೊಡುವ ಕೇಂದ್ರಕ್ಕೆ ನೋಂದಣಿ ಬೇಕು. ಯಾರನ್ನೂ ಸರಪಳಿಯಲ್ಲಿ ಕಟ್ಟುವಂತಿಲ್ಲ. ಕೆಲವೇ ದಿನದ ಹಿಂದೆ ಜೀವ ಕಳೆದುಕೊಳ್ಳಲು ಹೊರಟಿದ್ದ, ಮದ್ಯ ಇಳಿದರೆ ಫಿಟ್ಸ್ ಬರುವ ಮನುಷ್ಯನನ್ನು ವೈದ್ಯರಿಲ್ಲದ ಕಟ್ಟಡದಲ್ಲಿ ಕೂಡಿಹಾಕಿದ್ದರೆ ಏನಾಗುತ್ತಿತ್ತು ಎಂದು ಊಹಿಸಲು ದೊಡ್ಡ ತಜ್ಞತೆ ಬೇಕಿಲ್ಲ. ಅಡ್ವಾನ್ಸ್ ಕೊಡುವ ಮುಂಚೆ ಈ ಪ್ರಶ್ನೆ ಕೇಳಿದ್ದು ಪ್ರಕರಣದ ಅತಿ ದೊಡ್ಡ ತಿರುವು.

ಆಸ್ಪತ್ರೆಗೆ ಹೋಗಲು ಶಿವಣ್ಣನನ್ನು ಒಪ್ಪಿಸಿದ್ದು ಮಾಲೆಧಾರಿಗಳ ಗುರುಸ್ವಾಮಿ. ಜಯಮ್ಮ ಹೋಗಿ ಎಲ್ಲ ಹೇಳಿದಾಗ ಅವರು ತಾವೇ ಮನೆಗೆ ಬಂದು ಚಾಪೆ ಮೇಲೆ ಕೂತು, 'ಮೊದಲು ಡಾಕ್ಟ್ರು, ಆಮೇಲೆ ಮಾಲೆ. ಸ್ವಾಮಿ ಎಲ್ಲಿಗೂ ಹೋಗಲ್ಲ' ಎಂದರು. ಹೆಂಡತಿ, ಮಗಳು, ಬಾಮೈದ ಮೂವರೂ ವರ್ಷಗಟ್ಟಲೆ ಬೇಡಿಕೊಂಡರೂ ಆಗದ್ದು ಅಂದು ಆಯಿತು. ಯಾಕೆಂದರೆ ಶಿವಣ್ಣನ ಮನಸ್ಸಿನ ಗಾಯ ಇದ್ದದ್ದೇ ಆ ಮಾಲೆಯ ವಿಷಯದಲ್ಲಿ.

ದಾಖಲು, ಮತ್ತು ಕೂಲಿಯ ಪ್ರಶ್ನೆ

ಸರ್ಕಾರಿ ಸಂಸ್ಥೆಯ ವ್ಯಸನ ಚಿಕಿತ್ಸಾ ವಿಭಾಗದಲ್ಲಿ ಶಿವಣ್ಣ ತಾವೇ ಸಹಿ ಹಾಕಿ ದಾಖಲಾದರು. ಕಾಯ್ದೆ ಇದನ್ನು ಸ್ವತಂತ್ರ ದಾಖಲಾತಿ ಎನ್ನುತ್ತದೆ: ರೋಗಿ ಕೇಳಿದರೆ ಬಿಡುಗಡೆ ಮಾಡಬೇಕು, ಅಪಾಯ ಕಂಡರೆ ಪರಿಶೀಲನೆಗಾಗಿ 24 ಗಂಟೆ ತಡೆಹಿಡಿಯಬಹುದು. 'ಬೇಕಾದಾಗ ಹೊರಗೆ ಬರಬಹುದು' ಎಂದು ಗೊತ್ತಾದದ್ದರಿಂದಲೇ ಅವರು ಒಳಗೆ ಉಳಿದರು.

ಈ ಸಲ ಮರೆಮಾಚದೆ ಎಲ್ಲವನ್ನೂ ಹೇಳಿದ್ದರಿಂದ ಚಿಕಿತ್ಸೆಯ ಕ್ರಮವೇ ಬೇರೆಯಾಯಿತು. ಗ್ಲೂಕೋಸ್ ಹಾಕುವ ಮುಂಚೆ ಥಯಮಿನ್ ಇಂಜೆಕ್ಷನ್. ಥಯಮಿನ್ ಕೊರತೆ ಇರುವ ಕುಡುಕರಿಗೆ ಬರೀ ಗ್ಲೂಕೋಸ್ ಕೊಟ್ಟರೆ ಮಿದುಳಿಗೆ ಪೆಟ್ಟಾಗುವ ಅಪಾಯವಿದೆ. ನಡುಕ, ಫಿಟ್ಸ್ ತಡೆಯುವ ಮಾತ್ರೆ ಮೊದಲು ಹೆಚ್ಚು, ಆಮೇಲೆ ದಿನದಿನಕ್ಕೆ ಇಳಿಸುತ್ತ ಒಂದು ವಾರ. ಕುಡಿಯುವವರ ಬೇಸರ, ಖಿನ್ನತೆ ಎಷ್ಟೋ ಸಲ ಕುಡಿತ ನಿಂತ ಎರಡು ಮೂರು ವಾರದಲ್ಲಿ ತಾನಾಗಿ ಇಳಿಯುತ್ತದೆ, ಆದ್ದರಿಂದ ಖಿನ್ನತೆಯ ಔಷಧಿಗೆ ಸ್ವಲ್ಪ ಕಾದು ನೋಡುವುದುಂಟು. ಆದರೆ ಸಾಯುವ ಯೋಚನೆಯ ವಿಚಾರಣೆಗೆ ಕಾಯುವಂತಿಲ್ಲ, ಅದು ಮೊದಲ ದಿನದಿಂದಲೇ ನಡೆಯಬೇಕು. 'ಮೊದಲು ಕುಡಿತ ಬಿಡಿಸಿಕೊಂಡು ಬನ್ನಿ, ಮನಸ್ಸಿನದು ಆಮೇಲೆ' ಎಂದು ಅಲ್ಲಿಂದಿಲ್ಲಿಗೆ ಅಲೆಸುವುದೇ ಇಂಥ ರೋಗಿಗಳು ಕೈತಪ್ಪುವ ಜಾಗ. ಶಿವಣ್ಣನಿಗೆ ಮೂರನೇ ವಾರಕ್ಕೂ ಖಿನ್ನತೆ ಇಳಿಯದಿದ್ದಾಗ ಔಷಧಿ ಶುರುವಾಯಿತು. ಕುಡಿದರೆ ಮೈಗೆ ತೀವ್ರ ತೊಂದರೆ ಕೊಡುವ ಡೈಸಲ್ಫಿರಾಂ ಮಾತ್ರೆ ಬೇಡವೆಂದು ವೈದ್ಯರು ನಿರ್ಧರಿಸಿ, ಲಿವರ್ ಪರೀಕ್ಷೆ ನೋಡಿ ಆಸೆ ತಗ್ಗಿಸುವ ನಾಲ್ಟ್ರೆಕ್ಸೋನ್ ಕೊಟ್ಟರು. ಜೀವದ ಆಸೆ ಬಿಟ್ಟವರ ಕೈಗೆ ಮೊದಲನೆಯದನ್ನು ಕೊಡುವುದು ಅಪಾಯ. ಅದನ್ನೇ ಸಾರಿನಲ್ಲಿ ಕದ್ದು ಬೆರೆಸುವುದಂತೂ ಯಾರೂ ಮಾಡಬಾರದ ಕೆಲಸ.

ಮೂರು ವಾರ ಕೂಲಿ ಇಲ್ಲದೆ ಮನೆ ನಡೆಯುವುದು ಹೇಗೆ ಎಂಬ ಚಿಂತೆಗೆ ಶಿವಣ್ಣ ಎರಡನೇ ವಾರವೇ ಹೊರಡಲು ಸಿದ್ಧರಾಗಿದ್ದರು. ವಾರ್ಡಿನ ಸಮಾಜ ಕಾರ್ಯಕರ್ತೆ ಸಂಬಳದ ಚೀಟಿ ತರಿಸಿ ನೋಡಿದರು: ತಿಂಗಳು ತಿಂಗಳು 0.75% ಇಎಸ್‌ಐ (ಕಾರ್ಮಿಕರ ವಿಮೆ) ಕಡಿತವಾಗಿದೆ. ಹದಿನಾರು ವರ್ಷದಿಂದ ಇದ್ದ ಕಾರ್ಡನ್ನು 'ಮೆಷಿನ್‌ಗೆ ಕೈ ಸಿಕ್ಕಿದ್ರೆ ಮಾತ್ರ' ಎಂದು ತಿಳಿದು ಯಾರೂ ಬಳಸಿರಲಿಲ್ಲ. ವಂತಿಗೆಯ ದಿನಗಳು ಸರಿಯಾಗಿದ್ದರೆ (ಆರು ತಿಂಗಳ ಅವಧಿಯಲ್ಲಿ 78 ದಿನ) ಕಾಯಿಲೆಯ ರಜೆಗೆ ಕೂಲಿಯ 70%, ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. ಮೊದಲ ಎರಡು ದಿನಕ್ಕೆ ಸಾಮಾನ್ಯವಾಗಿ ಇಲ್ಲ. ದಾಖಲಾತಿ ಪತ್ರ ಹಿಡಿದು ಇಎಸ್‌ಐ ಡಿಸ್ಪೆನ್ಸರಿಗೆ ಹೋಗಿ ಪ್ರಮಾಣಪತ್ರ ಮಾಡಿಸಿದ್ದು ಬಾಮೈದ. ದುಡ್ಡು ತಡವಾಗಿ ಬಂತು, ಆದರೆ ಬರುತ್ತದೆ ಎಂಬ ಭರವಸೆಯೇ ಅವರನ್ನು ಹಾಸಿಗೆಯಲ್ಲಿ ಉಳಿಸಿತು.

ಸಾಲದವರ ಕಾಟಕ್ಕೆ ಉಚಿತ ಕಾನೂನು ನೆರವಿನ 15100ಕ್ಕೆ ಕರೆ ಮಾಡಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಕಂತು ಮರುಹೊಂದಿಸಿಕೊಳ್ಳಲಾಯಿತು. 2025ರಲ್ಲಿ ರಾಜ್ಯ ಸರ್ಕಾರ ಕಿರುಸಾಲ ವಸೂಲಿಯ ದೌರ್ಜನ್ಯ ತಡೆಯಲು ಕಾನೂನನ್ನೂ ತಂದಿದೆ. ಬಾಗಿಲಿಗೆ ಬಂದು ಬೆದರಿಸಿದರೆ ಪೊಲೀಸರಿಗೆ ದೂರು ಕೊಡಬಹುದು.

ಫೋನ್ ಕವರಿನ ಹಿಂದಿನ ಚೀಟಿ

ಬಿಡುಗಡೆಯ ಮುಂಚಿನ ದಿನ ಶಿವಣ್ಣನ ಕೈಯಲ್ಲೇ ಒಂದು ಹಾಳೆ ಬರೆಸಿದರು. ಮೇಲೆ ಅಪಾಯದ ಗುರುತುಗಳು, ಅವರದೇ ಮಾತಿನಲ್ಲಿ: 'ಸಂಬಳದ ದಿನ. ಸಂಘದವರು ಬಂದ ದಿನ. ರಾತ್ರಿ ಮೂರಕ್ಕೆ ಎಚ್ಚರ ಆದ್ರೆ.' ಅದರ ಕೆಳಗೆ ತಾನೊಬ್ಬನೇ ಮಾಡಬಹುದಾದ್ದು: 'ಎದ್ದು ಮುಖ ತೊಳೆದು ಮಾಳಿಗೆ ಮೇಲೆ ಗಿಡಕ್ಕೆ ನೀರು.' ಮಾಳಿಗೆ ಎಂದದ್ದೇ ಸಮಾಜ ಕಾರ್ಯಕರ್ತೆ ತಡೆದು, ರಾತ್ರಿ ಹೊತ್ತು ಮಾಳಿಗೆ ಬೇಡ ಎಂದು ಆ ಸಾಲು ಹೊಡೆದುಹಾಕಿಸಿ, 'ಜಯಮ್ಮನ ಎಬ್ಬಿಸೋದು' ಎಂದು ಬರೆಸಿದರು. ಆಮೇಲೆ ಹೋಗಿ ಕೂರಬಹುದಾದ ಜಾಗ, ಬಾಮೈದನ ನಂಬರ್, ಗುರುಸ್ವಾಮಿಯ ನಂಬರ್, 14416, 108. ಕೊನೆಯಲ್ಲಿ ಮನೆಯಲ್ಲಿ ಇರಬಾರದ ವಸ್ತುಗಳು. ಹಾಳೆ ಮಡಚಿ ಫೋನ್ ಕವರಿನೊಳಗೆ ಸೇರಿಸಿದರು. ಮಾತ್ರೆ ಒಮ್ಮೆಗೆ ಒಂದೇ ವಾರದ್ದು; ಉಳಿದದ್ದು ಬಾಮೈದನ ಮನೆಯ ಬೀಗದ ಬೀರುವಿನಲ್ಲಿ.

ಆಸ್ಪತ್ರೆಯಿಂದ ಬಂದ ಮೊದಲ ವಾರಗಳೇ ಹೆಚ್ಚು ಅಪಾಯದವು. ಹಾಗಾಗಿ ವಾಪಸ್ ಕರೆಗಳನ್ನು ಮೊದಲೇ ದಿನಾಂಕ ಹಾಕಿ ಗೊತ್ತುಮಾಡಲಾಗಿತ್ತು. ಇದು ಸಣ್ಣ ಉಪಚಾರ ಎನಿಸಬಹುದು. ಆದರೆ ವಿಶ್ವ ಆರೋಗ್ಯ ಸಂಸ್ಥೆ ಚೆನ್ನೈ ಸೇರಿ ಐದು ದೇಶಗಳ ಐದು ಕಡೆ, ಆತ್ಮಹತ್ಯೆಗೆ ಯತ್ನಿಸಿ ಬದುಕಿದ 1867 ಜನರಲ್ಲಿ ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ: ಒಂದು ಗಂಟೆಯ ಮಾತುಕತೆ, ಆಮೇಲೆ ಹದಿನೆಂಟು ತಿಂಗಳಲ್ಲಿ ಒಂಬತ್ತು ಸಲ ವಿಚಾರಿಸುವುದು, ಇಷ್ಟೇ. ಹೀಗೆ ವಿಚಾರಿಸಿದವರಲ್ಲಿ ಆತ್ಮಹತ್ಯೆಯಿಂದ ಸತ್ತವರು 0.2%, ಉಳಿದವರಲ್ಲಿ 2.2%.

ಹೊಸತೊಡಕು

ದೊಡ್ಡ ಆಸ್ಪತ್ರೆಗೆ ಪ್ರತಿ ಸಲ ಹೋಗಿಬರಲು ಒಂದು ದಿನದ ಕೂಲಿ ಹೋಗುತ್ತಿತ್ತು. ಎರಡನೇ ಭೇಟಿಯ ನಂತರ ಹತ್ತಿರದ ಸರ್ಕಾರಿ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಪತ್ರ ಬರೆಸಿಕೊಂಡು ಬಂದರು. ತೀರ್ಮಾನ ಸರಿಯಾದದ್ದೇ, ಆದರೆ ಅಲ್ಲಿ ನಾಲ್ಟ್ರೆಕ್ಸೋನ್ ಸ್ಟಾಕ್ ಇರಲಿಲ್ಲ. 'ಮುಂದಿನ ವಾರ ಬನ್ನಿ' ಎಂದದ್ದಕ್ಕೆ ತಲೆಯಾಡಿಸಿ ಬಂದರು. ಆರು ದಿನ ಮಾತ್ರೆ ಇಲ್ಲ, ಅಷ್ಟರಲ್ಲಿ ಯುಗಾದಿ. ಯುಗಾದಿಯ ಮಾರನೇ ದಿನ ಹೊಸತೊಡಕು, ಬಾಡೂಟ, ಊರಿನ ನೆಂಟರು. ಎರಡು ಪ್ಯಾಕೆಟ್ ಆಯಿತು.

ಹಸ್ತಾಂತರದಲ್ಲಿ ಇದು ಸಾಮಾನ್ಯವಾಗಿ ತಪ್ಪುವ ಜಾಗ. ಆಸ್ಪತ್ರೆ ಬದಲಿಸುವ ಮುಂಚೆ ಔಷಧಿಗಳ ಹೆಸರು ಮತ್ತು ಪ್ರಮಾಣ ಹೇಳಿ, ಹೊಸ ಕಡೆ ಸಿಗುತ್ತದೆಯೇ ಎಂದು ವಿಚಾರಿಸಬೇಕು; ಸಿಗುವುದು ಖಚಿತವಾಗುವ ತನಕ ಹಳೆಯ ಕಡೆಯಿಂದಲೇ ತರಬೇಕು. ಹಬ್ಬದ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ ಆ ವಾರ ಭೇಟಿ ಇಟ್ಟುಕೊಳ್ಳುವುದು ಇನ್ನೂ ಒಳ್ಳೆಯದು.

ಆ ರಾತ್ರಿ ಚೀಟಿ ಕೆಲಸಕ್ಕೆ ಬಂತು. ಮೂರು ಗಂಟೆಗೆ ಶಿವಣ್ಣ ಹೆಂಡತಿಯನ್ನು ಎಬ್ಬಿಸಿ, 'ಕುಡಿದ್ಬಿಟ್ಟೆ. ತಲೇಲಿ ಮತ್ತೆ ಅದೇ ಬರ್ತಿದೆ' ಎಂದರು. ಜಯಮ್ಮ ಬೈಯಲಿಲ್ಲ. ದೀಪ ಹಾಕಿ, ತಮ್ಮನಿಗೆ ಫೋನ್ ಮಾಡಿ, ಅವನು ಬರುವ ತನಕ ಪಕ್ಕದಲ್ಲಿ ಕೂತರು. ಬೆಳಿಗ್ಗೆ ಮೂವರೂ ಆಸ್ಪತ್ರೆಗೆ ಹೋದರು. ಎರಡು ದಿನದೊಳಗೆ ಔಷಧಿ ಮತ್ತೆ ಶುರುವಾಯಿತು, ದಾಖಲಾಗುವ ಅಗತ್ಯ ಬೀಳಲಿಲ್ಲ.

ಹತ್ತು ತಿಂಗಳ ನಂತರ

ಜೂನಿನಲ್ಲಿ ಇನ್ನೊಮ್ಮೆ ಜಾರಿದರು, ಆ ನಂತರ ಇಲ್ಲ. ಕೆಲಸ ಅದೇ ವರ್ಕ್‌ಶಾಪಿನಲ್ಲಿ, ನೈಟ್ ಶಿಫ್ಟ್ ಬಿಟ್ಟು. ಭಾನುವಾರ ಕನ್ನಡದಲ್ಲಿ ನಡೆಯುವ ಮದ್ಯವ್ಯಸನಿಗಳ ಸ್ವಸಹಾಯ ಸಭೆಗೆ ಹೋಗುತ್ತಾರೆ. ಈ ವರ್ಷವೂ ಮಾಲೆ ಹಾಕಿದರು, ವೈದ್ಯರಿಗೆ ಹೇಳಿ, ಮಾತ್ರೆ ನಿಲ್ಲಿಸದೆ. ಜಯಮ್ಮ ತಮ್ಮ ನಿದ್ದೆಗೇಡಿಗೆ ತಾವೇ 14416ಕ್ಕೆ ಎರಡು ಸಲ ಕರೆ ಮಾಡಿದ್ದಾರೆ.

ಯೋಜನೆಯಲ್ಲಿ ಯಾರೂ ಬರೆಯದೆ ಹೋದದ್ದು ಮಗಳ ವಿಷಯ. ಕರೆ ಮಾಡಿದವಳು ಅವಳು, ಸತ್ಯ ಹೇಳಿದವಳು ಅವಳು, ಮಾತ್ರೆ ಎಣಿಸುತ್ತಿದ್ದವಳೂ ಅವಳೇ. ಅಪ್ಪ ಮನೆಗೆ ಬಂದ ಕೂಡಲೇ ನೀರಿನ ಲೋಟ ಕೊಡುವ ನೆಪದಲ್ಲಿ ಹತ್ತಿರ ಹೋಗಿ ವಾಸನೆ ನೋಡುವುದು ಅವಳಿಗೆ ರೂಢಿಯಾಗಿತ್ತು. ಒಂಬತ್ತನೇ ತಿಂಗಳ ಭೇಟಿಯಲ್ಲಿ ವೈದ್ಯರು 'ಮಗಳು ಹೇಗಿದ್ದಾಳೆ?' ಎಂದು ಕೇಳಿದಾಗಲೇ ಇದು ಹೊರಬಂದದ್ದು. ಈಗ ಮಾತ್ರೆಯ ಲೆಕ್ಕ ಪೂರ್ತಿ ಬಾಮೈದನ ಕೈಯಲ್ಲಿದೆ. ಅವಳ ಹೆಸರಿನಲ್ಲೇ ಬೇರೆ ಆಸ್ಪತ್ರೆ ಚೀಟಿ ಮಾಡಿಸಿದ್ದಾರೆ, ಪರೀಕ್ಷೆ ಮುಗಿದ ವಾರ ಮೊದಲ ಭೇಟಿ.